ಮೆಲ್ಫಲಾನ್ ದಿನ ಐಸ್ ಚೀಪಿ ಬಾಯಿ ಉಳಿಸಿಕೊಂಡೆ

ಮೈಲೋಮಾ (ಮೂಳೆಮಜ್ಜೆಯ ಒಂದು ರಕ್ತ ಕ್ಯಾನ್ಸರ್) ಇರುವವರಿಗೆ ಟ್ರಾನ್ಸ್‌ಪ್ಲಾಂಟ್ ಏನು ಎತ್ತ ಅಂತ ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಒಂದು ಮಾತು: ನಮ್ಮದೇ ಸ್ಟೆಮ್ ಸೆಲ್, ಅಂದರೆ ರಕ್ತ ಹುಟ್ಟಿಸುವ ಮೂಲ ಕೋಶ, ಮೊದಲೇ ತೆಗೆದಿಟ್ಟು, ಮೆಲ್ಫಲಾನ್ ಅನ್ನೋ ಜೋರು ಕೀಮೋ ಹಾಕಿದ ಮೇಲೆ ವಾಪಸ್ ಕೊಡುತ್ತಾರೆ. ಆ ಕೀಮೋದಿಂದ ಬಾಯಿ ಹುಣ್ಣಾಗುತ್ತೆ. ನಾನು ಬರೆಯುತ್ತಿರುವುದು ಬಾಯಿ ಹುಣ್ಣಿನ ವಿಷಯ. ಎಲ್ಲರೂ ನನ್ನನ್ನು ಹೆದರಿಸಿದ್ದು ಅದನ್ನೇ ಹೇಳಿ. ಕೊನೆಗೆ ನನಗೆ ಬಂದದ್ದು ನಾಲಿಗೆ ಕೆಳಗೆ ಒಂದು ಸಣ್ಣ ಹುಣ್ಣು, ಅಷ್ಟೇ. ರಕ್ತಕಣಗಳ ಕೌಂಟ್ ಪೂರ್ತಿ ನೆಲ ಕಚ್ಚಿದಾಗಲೂ ಮೆತ್ತಗಿನ ಅನ್ನ, ಬೇಳೆ ಸಾರು ಬಾಯಲ್ಲೇ ತಿಂದೆ. ಪಕ್ಕದ ರೂಮಿನವರಿಗೆ ಉಗುಳು ನುಂಗುವುದೂ ಕಷ್ಟವಾಗಿತ್ತು.

ನಾನು ಮಾಡಿದ್ದು ಇಷ್ಟೇ, ಮೆಲ್ಫಲಾನ್ ಹಾಕುವಾಗ ಐಸ್ ಚೀಪಿದ್ದು. ಮನೆಯಲ್ಲಿ ಒಬ್ಬರೂ ಇದಕ್ಕೆ ಒಪ್ಪಿರಲಿಲ್ಲ. "ಮೈಯಲ್ಲಿ ತ್ರಾಣವೇ ಇಲ್ಲ, ಐಸ್ ತಿಂದು ನಿಮೋನಿಯಾ ಬರಿಸ್ಕೋತೀಯೇನೋ?" ಅಂತ ದೊಡ್ಡಮ್ಮ ಫೋನಿನಲ್ಲೇ ಬೈದರು. ಡಾಕ್ಟರ್ ಮಾತ್ರ, ಬಾಯಿ ತಣ್ಣಗಿದ್ದರೆ ರಕ್ತನಾಳ ಬಿಗಿಯುತ್ತೆ, ಔಷಧಿ ಅಲ್ಲಿಗೆ ಕಡಿಮೆ ಹೋಗುತ್ತೆ, ಮಾಡಿ ಅಂದರು.

ಟ್ರಾನ್ಸ್‌ಪ್ಲಾಂಟ್‌ವರೆಗೆ ಬರುವಷ್ಟರಲ್ಲಿ ದುಡ್ಡು ಕರಗಿತ್ತು. ಮೊದಲು ಮೈಲೋಮಾ ತಗ್ಗಿಸೋಕೆ ಬೋರ್ಟೆಜೋಮಿಬ್, ಲೆನಾಲಿಡೊಮೈಡ್, ಡೆಕ್ಸಾ (ಸ್ಟೀರಾಯ್ಡ್) ನಾಲ್ಕೈದು ತಿಂಗಳು ನಡೆಯಿತು. ಡೆಕ್ಸಾ ತಗೊಂಡ ರಾತ್ರಿ ನಿದ್ದೆ ಇಲ್ಲ, ಶುಗರ್ 300 ದಾಟುತ್ತಿತ್ತು. ಆಮೇಲೆ ಸ್ಟೆಮ್ ಸೆಲ್ ಕಲೆಕ್ಷನ್ ಕೈಕೊಟ್ಟಿತು. ಮೈತೂಕದ ಕೆಜಿಗೆ ಕನಿಷ್ಠ 20 ಲಕ್ಷ ಸಿಡಿ34 (ಸ್ಟೆಮ್ ಸೆಲ್‌ನ ಗುರುತು) ಇರುವ ಕೋಶ ಬೇಕಲ್ವಾ, ನನ್ನದು ಅದರ ಅರ್ಧಕ್ಕೂ ಬರಲಿಲ್ಲ. ಸ್ಟೆಮ್ ಸೆಲ್ ಮಜ್ಜೆಯಿಂದ ರಕ್ತಕ್ಕೆ ಬರುವ ಹಾಗೆ ಮಾಡುವ ಪ್ಲೆರಿಕ್ಸಾಫರ್ ಹಾಕಿ ಮತ್ತೆ ತೆಗೆದಾಗ 40 ಲಕ್ಷದ ಆಸುಪಾಸು ಸಿಕ್ಕಿತು. ಆ ಎರಡನೇ ಸಲಕ್ಕೇ ಒಂದೂವರೆ ಲಕ್ಷದ ಹತ್ತಿರ ಹೋಯಿತು. ವಿಮೆ ಆಗಲೇ ಮುಗಿದಿತ್ತು. ತೋಟದ ಸಿಲ್ವರ್ ಮರ ಕಡಿಸಿ ಮಾರಿದೆ. ಮರದ ಜೊತೆ ಫಸಲು ಕೊಡುತ್ತಿದ್ದ ಮೆಣಸಿನ ಬಳ್ಳಿಗಳೂ ಹೋದವು. ಆ ಸಂಕಟ ಇನ್ನೂ ಇದೆ. ಒಟ್ಟು ಹನ್ನೊಂದು ಲಕ್ಷ ದಾಟಿರಬೇಕು.

ಐಸಿಗೆ ಬರ್ತೀನಿ. ಅಡ್ಮಿಟ್ ಆಗುವ ಮೊದಲು ಮನೆಯಲ್ಲೇ ಅಭ್ಯಾಸ ಮಾಡಿದೆ. ಟ್ರೇಯ ದಪ್ಪ ತುಂಡು ಕೆನ್ನೆಗೆ ಒತ್ತುತ್ತೆ, ಒಸಡಿನ ಮೂಲೆ ಬೆಚ್ಚಗೇ ಉಳಿಯುತ್ತೆ. ಇಡ್ಲಿ ತಟ್ಟೆಯಲ್ಲಿ ನೀರಿಟ್ಟು ನೋಡಿದೆ, ಬಾಯಿಗೇ ಹಿಡಿಸಲಿಲ್ಲ. ಎಳನೀರು, ಮಜ್ಜಿಗೆ ಎರಡನ್ನೂ ಹೆಪ್ಪುಗಟ್ಟಿಸಿದೆ. ಮಜ್ಜಿಗೆ ಐಸ್ ನಿಜಕ್ಕೂ ಚೆನ್ನಾಗಿತ್ತು, ಆದರೆ ವಾರ್ಡಿಗೆ ಬೇಡ ಅಂದರು. ಕೊನೆಗೆ ಕುದಿಸಿ ಆರಿಸಿದ ನೀರಿನ ಐಸನ್ನು ಕಡಲೆಕಾಳಿನ ಗಾತ್ರಕ್ಕೆ ಪುಡಿ ಮಾಡಿದ್ದೇ ಸರಿಹೋಯಿತು. ಹಲ್ಲು ಜುಮ್ಮೆನ್ನದ ಹಾಗೆ ಹಿಡಿಯೋಕೆ ನನ್ನದೇ ಒಂದು ಉಪಾಯ ಇದೆ. ಬರೆದರೆ ತಿಳಿಯುವಂಥದ್ದಲ್ಲ, ಎದುರು ಸಿಕ್ಕಾಗ ತೋರಿಸ್ತೀನಿ.

ಮೆಲ್ಫಲಾನ್ ಹಾಕುವ ಹತ್ತು ಹದಿನೈದು ನಿಮಿಷ ಮೊದಲೇ ಬಾಯಿ ತುಂಬಿಕೊಂಡೆ. ಡ್ರಿಪ್ ಅರ್ಧ ಗಂಟೆ ಓಡಿತು. ಮುಗಿದ ಮೇಲೂ ಒಂದೂವರೆ ಗಂಟೆ ಬಿಡಲಿಲ್ಲ. ತುಟಿ ಮರಗಟ್ಟಿ ಮಾತು ತೊದಲಿತು, ಮೈ ನಡುಗಿತು. ಹೆಂಡತಿ ಕಂಬಳಿ ಹೊದಿಸಿ ಚಮಚ ಚಮಚ ತುಂಬುತ್ತಲೇ ಇದ್ದಳು. ಎರಡು ಥರ್ಮಾಸ್ ಖಾಲಿಯಾದವು.

ಭೇದಿ ಬಂತು, ಕೂದಲು ಹೋಯಿತು. ಐಸ್ ಕಾಯುವುದು ಬಾಯಿಯನ್ನು ಮಾತ್ರ. ಇನ್ನೊಂದು ಮಾತು, ಎಲ್ಲ ಕೀಮೋಗೂ ಇದು ಬೇಡ. ಆಕ್ಸಾಲಿಪ್ಲಾಟಿನ್ ತಗೊಳ್ಳುವವರು ಐಸ್ ಮುಟ್ಟಲೇಬಾರದು, ತಣ್ಣಗಿನದು ತಾಗಿದರೆ ಗಂಟಲು ಹಿಡಿದ ಹಾಗಾಗುತ್ತೆ, ಕೈ ಬಾಯಿ ಜೋಮು ಹಿಡಿಯುತ್ತೆ. ನಿಮ್ಮ ಔಷಧಿ ಯಾವುದು ಅಂತ ಡಾಕ್ಟರನ್ನ ಕೇಳಿಕೊಂಡೇ ಥರ್ಮಾಸ್ ತುಂಬಿಸಿ.