ಬಸುರಿಯ ವಾಂತಿ: ನೀರು ಲೋಟದಲ್ಲಲ್ಲ, ಚಮಚದಲ್ಲಿ ಕೊಡಿ

ನನ್ನ ತಂಗಿ ಬಸುರಿಯಾದಾಗ ಮೊದಲ ಎರಡು ತಿಂಗಳು ನಮ್ಮ ಮನೆಯಲ್ಲೇ ಇದ್ದಳು. ಅವಳು ವಾಂತಿ ಮಾಡಿ ಬಚ್ಚಲಿನಿಂದ ಹೊರಗೆ ಬರುವಷ್ಟರಲ್ಲಿ ಬಾಗಿಲಲ್ಲಿ ಯಾರಾದರೊಬ್ಬರು ತುಂಬಿದ ಲೋಟ ಹಿಡಿದು ನಿಂತಿರುತ್ತಿದ್ದರು. "ಹೊಟ್ಟೆ ಖಾಲಿಯಾಗಿದೆ, ಕುಡಿದುಬಿಡಮ್ಮ." ಅವಳು ಗಟಗಟ ಕುಡಿಯುತ್ತಿದ್ದಳು. ಐದೇ ನಿಮಿಷ, ಅಷ್ಟೂ ವಾಪಸ್. ಪ್ರೀತಿಯಿಂದ ಮಾಡಿದ ತಪ್ಪು. ಆಮೇಲೆ ನೆಂಟರ ಮನೆ, ನೆರೆಮನೆ, ಎಲ್ಲ ಕಡೆಯೂ ಇದನ್ನೇ ನೋಡಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ ತಿಳಿದಿರಲಿ. ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸಿದರೆ, ಸಾಮಾನ್ಯವಾಗಿ 5-6ನೇ ವಾರಕ್ಕೆ ವಾಕರಿಕೆ ಶುರುವಾಗುತ್ತದೆ. 9ನೇ ವಾರದ ಹೊತ್ತಿಗೆ ಜೋರಾಗುತ್ತದೆ. 16ನೇ ವಾರದ ಒಳಗೆ ಹೆಚ್ಚಿನವರಿಗೆ ಇಳಿಯುತ್ತದೆ. ಬೆಳಿಗ್ಗೆಯೇ ಆಗಬೇಕು ಅಂತಿಲ್ಲ. ನನ್ನ ತಂಗಿಗೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಶುರುವಾಗುತ್ತಿತ್ತು. "ಎಲ್ಲ ಮನಸ್ಸಿನದು, ಸುಮ್ನೆ ನಾಜೂಕು" ಎನ್ನುವವರಿಗೂ ಒಂದು ಮಾತು. ಜಿಡಿಎಫ್15 ಎಂಬ ಹಾರ್ಮೋನು ಇದರ ಹಿಂದಿದೆ ಎಂದು 2023ರ ಕೊನೆಯಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟಿದ್ದಾರೆ. ಗರ್ಭದಿಂದ ತಾಯಿಯ ರಕ್ತಕ್ಕೆ ಬರುವ ಈ ಹಾರ್ಮೋನು ಮಿದುಳಿನಲ್ಲಿ ವಾಂತಿಯ ಭಾವ ಎಬ್ಬಿಸುತ್ತದೆ. ಬಸುರಿಯಾಗುವ ಮೊದಲು ಅದು ಮೈಯಲ್ಲಿ ಕಡಿಮೆ ಇದ್ದವರಿಗೆ ಕಾಟ ಜಾಸ್ತಿ. ಆ ತಂಡದಲ್ಲಿದ್ದ ಅಮೆರಿಕದ ಮಾರ್ಲೆನಾ ಫೆಜ್ಜೋ ಸ್ವತಃ ವಿಪರೀತ ವಾಂತಿಯಿಂದ ನರಳಿ ಮಗು ಕಳೆದುಕೊಂಡವರು.

ಹಂತ 1: ಹಾಸಿಗೆ ಬಿಡುವ ಮೊದಲು

ರಾತ್ರಿಯೇ ದಿಂಬಿನ ಪಕ್ಕ ಒಂದು ಡಬ್ಬಿ ಮಂಡಕ್ಕಿ ಅಥವಾ ಭತ್ತದ ಅರಳು ಇಟ್ಟುಕೊಳ್ಳಿ. ಎಚ್ಚರವಾದ ಮೇಲೆ ಒಂದು ಹಿಡಿ ತಿಂದು, ಹದಿನೈದು ನಿಮಿಷ ಹಾಗೇ ಮಲಗಿ, ನಿಧಾನಕ್ಕೆ ಏಳಿ. ಕ್ರೀಮ್ ಬಿಸ್ಕತ್ತು ಬೇಡವೇ ಬೇಡ. ಖಾಲಿ ಹೊಟ್ಟೆಗೆ ಕಾಫಿಯೂ ಬೇಡ.

ಹಂತ 2: ವಾಸನೆ

ಒಗ್ಗರಣೆ ಹಾಕುವಾಗ ಅವಳು ಅಡುಗೆಮನೆಯಲ್ಲಿ ಇರಬಾರದು. ಈ ಕೆಲವು ವಾರ ಒಲೆಯ ಮುಂದೆ ಗಂಡ ನಿಲ್ಲಲಿ. ಊದುಬತ್ತಿ, ರೂಮ್ ಫ್ರೆಶ್‌ನರ್ ಎರಡೂ ಬಂದ್.

ಹಂತ 3: ತಿನ್ನುವುದು

ಎರಡು ಗಂಟೆಗೊಮ್ಮೆ ನಾಲ್ಕು ತುತ್ತು. ಬಿಸಿ ಅಡುಗೆಗಿಂತ ತಣ್ಣಗಿದ್ದದ್ದು ವಾಸನೆ ಕಡಿಮೆ, ಹಾಗಾಗಿ ಮೊಸರನ್ನ, ತಂಬುಳಿ ಅನ್ನ ಒಳ್ಳೆಯದು. ಊಟದ ಜೊತೆ ನೀರು ಬೇಡ, ಅರ್ಧ ಗಂಟೆ ಬಿಟ್ಟು ಕುಡಿಯಲಿ. "ಎರಡು ಜೀವ, ಇಬ್ಬರದ್ದೂ ತಿನ್ನು" ಅಂತ ಒತ್ತಾಯ ಮಾಡಬೇಡಿ. 12ನೇ ವಾರಕ್ಕೆ ಮಗು ಇರುವುದೇ ಒಂದು ದೊಡ್ಡ ನಿಂಬೆಹಣ್ಣಿನಷ್ಟು. ಯಾವುದು ಹೊಟ್ಟೆಯಲ್ಲಿ ನಿಲ್ಲುತ್ತದೋ ಅದೇ ಈಗ ಒಳ್ಳೆಯ ಊಟ. ಫೋಲಿಕ್ ಆಸಿಡ್ ಮಾತ್ರೆ ಮಾತ್ರ ತಪ್ಪಿಸಬಾರದು. ಕಬ್ಬಿಣದ ಮಾತ್ರೆ ಈಗಲೇ ಶುರುವಾಗಿದ್ದು, ಅದರಿಂದ ಹೊಟ್ಟೆ ತೊಳಸುತ್ತಿದ್ದರೆ ಡಾಕ್ಟರಿಗೆ ಹೇಳಿ. ಸರ್ಕಾರಿ ಪದ್ಧತಿಯಲ್ಲೂ ಅದನ್ನು ಕೊಡುವುದು ಮೂರು ತಿಂಗಳು ಕಳೆದ ಮೇಲೆಯೇ.

ಹಂತ 4: ವಾಂತಿಯಾದ ಮೇಲಿನ ಒಂದು ಗಂಟೆ

ಎಲ್ಲರೂ ಎಡವುವುದು ಇಲ್ಲೇ. ಕೆರಳಿದ ಹೊಟ್ಟೆಗೆ ಒಂದೇ ಸಲ ಒಂದು ಲೋಟ ನೀರು ಬಿದ್ದರೆ ಅದು ಹಿಗ್ಗುತ್ತದೆ, ಮತ್ತೆ ಹೊರಗೆ ತಳ್ಳುತ್ತದೆ. ಎರಡನೇ ವಾಂತಿಯಲ್ಲಿ ಮೈಯೊಳಗಿನ ಇನ್ನಷ್ಟು ನೀರು, ಉಪ್ಪು ಹೋಗುತ್ತದೆ. ಹೀಗೇ ಮುಂದುವರಿದರೆ ಆಸ್ಪತ್ರೆಗೆ ಹೋಗಬೇಕಾದೀತು.

ಮೊದಲು ಬಾಯಿ ಮುಕ್ಕಳಿಸಲಿ. ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕದಡಿಕೊಂಡರೆ ಹಲ್ಲಿಗೆ ಅಂಟಿದ ಆಮ್ಲ ಹೋಗುತ್ತದೆ. ಮುಕ್ಕಳಿಸಿ ಉಗಿಯಬೇಕು, ನುಂಗಬಾರದು. ಆಗಲೇ ಬ್ರಷ್ ಮಾಡಿದರೆ ಮೆತ್ತಗಾದ ಹಲ್ಲಿನ ಮೇಲ್ಪದರ ಸವೆಯುತ್ತದೆ. ಅದಕ್ಕೆ ಅರ್ಧ ಗಂಟೆ ಕಾಯಿರಿ.

ಆಮೇಲೆ ಹದಿನೈದು ಇಪ್ಪತ್ತು ನಿಮಿಷ ಏನೂ ಕೊಡಬೇಡಿ. ಸುತ್ತಲಿನವರಿಗೆ ಇದೇ ಅತಿ ಕಷ್ಟ. ಕೈ ಸುಮ್ಮನಿರುವುದಿಲ್ಲ, ಅಲ್ವಾ? ಅವಳು ಗೋಡೆಗೆ ಒರಗಿ ಕೂರಲಿ. ಚಪ್ಪಟೆ ಮಲಗುವುದು ಬೇಡ.

ಈಗ ಟೀ ಚಮಚ ತೆಗೆದುಕೊಳ್ಳಿ. ಎರಡು ನಿಮಿಷಕ್ಕೆ ಒಂದು ಚಮಚ ಓಆರ್‌ಎಸ್, ಗಡಿಯಾರ ನೋಡಿಕೊಂಡೇ ಕೊಡಿ. ಚಮಚಕ್ಕೆ 5 ಮಿಲಿಲೀಟರ್ ಅಂತ ಹಿಡಿದರೆ ಗಂಟೆಗೆ 150 ಮಿಲಿಲೀಟರ್ ಒಳಗೆ ಹೋಯಿತು. ಕಡಿಮೆ ಅನಿಸುತ್ತದೆ. ಆದರೆ ಇದು ಉಳಿಯುತ್ತದೆ, ಲೋಟದ ನೀರು ಉಳಿಯುವುದಿಲ್ಲ. ಒಂದು ಗಂಟೆ ವಾಂತಿಯಾಗದಿದ್ದರೆ ಎರಡೆರಡು ಚಮಚ ಮಾಡಿ, ಆಮೇಲೆ ಸಣ್ಣ ಗುಟುಕು. ನಡುವೆ ಮತ್ತೆ ವಾಂತಿಯಾದರೆ ಹೆದರದೆ ಇಪ್ಪತ್ತು ನಿಮಿಷ ಬಿಟ್ಟು ಮೊದಲಿನಿಂದ ಶುರು ಮಾಡಿ. ಚಮಚ ಕಂಡರೂ ವಾಕರಿಕೆ ಬರುವವರಿಗೆ ಓಆರ್‌ಎಸ್ ಅನ್ನೇ ಐಸ್ ಟ್ರೇಯಲ್ಲಿ ಹೆಪ್ಪುಗಟ್ಟಿಸಿ ಚೂರು ಚೂರಾಗಿ ಚೀಪಲು ಕೊಡಿ. ನನ್ನ ತಂಗಿಗೆ ಕೊನೆಗೂ ನಿಂತದ್ದು ಅದೇ.

ಓಆರ್‌ಎಸ್ ಅಂದರೆ ಪುಡಿಯ ಪ್ಯಾಕೆಟ್. ದೊಡ್ಡ ಪ್ಯಾಕೆಟ್ ಪೂರ್ತಿ 1 ಲೀಟರ್ ಕುದಿಸಿ ಆರಿಸಿದ ನೀರಿಗೆ. ಅಂದಾಜಿನಲ್ಲಿ ಅರ್ಧ ಪುಡಿ ಒಂದು ಲೋಟಕ್ಕೆ ಹಾಕುವ ಅಡ್ಡದಾರಿ ಬೇಡ. ಉಪ್ಪು ಹೆಚ್ಚಾದರೆ ಅದೇ ತೊಂದರೆ. ಕಲಸಿದ್ದು 24 ಗಂಟೆ ಮಾತ್ರ. ಪ್ಯಾಕೆಟ್ ಸಿಗದಿದ್ದರೆ 1 ಲೀಟರ್ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಬಣ್ಣದ ಡಬ್ಬಿಯ ಸಿಹಿ ಪಾನೀಯಗಳನ್ನು ಓಆರ್‌ಎಸ್ ಎಂದು ನಂಬಿ ತರಬೇಡಿ. ಅಂಥ ಪಾನೀಯಗಳ ಹೆಸರಿನಲ್ಲಿ ಆ ಪದ ಬಳಸಬಾರದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶ ಮಾಡಿದೆ. ಪ್ಯಾಕೆಟ್ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಬರೆದಿದೆಯಾ ನೋಡಿಯೇ ಕೊಳ್ಳಿ.

ಹಂತ 5: ಶುಂಠಿ, ಮಾತ್ರೆ

ಶುಂಠಿ ಕೆಲವರಿಗೆ ನಿಜವಾಗಿ ಹಿಡಿಸುತ್ತದೆ. ಜಜ್ಜಿ ಬಿಸಿನೀರಿಗೆ ಹಾಕಿ, ಆರಿಸಿ, ಗುಟುಕು ಗುಟುಕಾಗಿ ಕುಡಿಯಲಿ. ಶುಂಠಿ ಚಾಕೊಲೇಟು ಎಂದು ಮಾರುವುದು ಹೆಚ್ಚಾಗಿ ಸಕ್ಕರೆಯೇ.

ಅದೂ ಸಾಲದಿದ್ದರೆ ತಡೆದುಕೊಂಡು ಕೂರಬೇಡಿ, ಮಾತ್ರೆ ಕೇಳಿ. ಡಾಕ್ಸಿಲಮೈನ್ ಮತ್ತು ಬಿ6 ಸೇರಿದ ಮಾತ್ರೆಯನ್ನು ಡಾಕ್ಟರುಗಳು ಇದಕ್ಕೆಂದೇ ಬರೆದುಕೊಡುತ್ತಾರೆ. ಅಮೆರಿಕದಲ್ಲಿ ಕೋರ್ಟು ಕೇಸುಗಳ ಗಲಾಟೆಯಲ್ಲಿ ಕಂಪನಿಯೇ ಇದನ್ನು 1983ರಲ್ಲಿ ಮಾರುಕಟ್ಟೆಯಿಂದ ಹಿಂದಕ್ಕೆ ಪಡೆದಿತ್ತು. ಮಗುವಿಗೆ ಅಂಗದೋಷ ಬರುತ್ತದೆ ಎಂಬ ಆ ಭಯ ಅಧ್ಯಯನಗಳಲ್ಲಿ ನಿಲ್ಲಲಿಲ್ಲ. 2013ರಲ್ಲಿ ಅಲ್ಲಿ ಮತ್ತೆ ಅನುಮತಿ ಸಿಕ್ಕಿತು. ಇದು ನಿಧಾನಕ್ಕೆ ಕರಗುವ ಮಾತ್ರೆ. ರಾತ್ರಿ ನುಂಗಿದ್ದು ಬೆಳಿಗ್ಗೆಗೆ ಕೆಲಸ ಮಾಡುತ್ತದೆ. ಮುರಿಯಬಾರದು, ಪುಡಿ ಮಾಡಬಾರದು. ನಿದ್ದೆ ಬರುತ್ತದೆ, ಸ್ಕೂಟರ್ ಓಡಿಸಬೇಡಿ. ಮೆಡಿಕಲ್ ಶಾಪಿನಲ್ಲಿ ನಿಂತು "ವಾಂತಿ ಮಾತ್ರೆ ಕೊಡಿ" ಎಂದು ಸಿಕ್ಕಿದ್ದನ್ನು ತರುವುದಂತೂ ಬೇಡ.

ಹಂತ 6: ಮನೆಯಲ್ಲಿ ಕಾಯಬಾರದ ಹೊತ್ತು

ಚಮಚದ ನೀರೂ ದಿನವಿಡೀ ನಿಲ್ಲದಿದ್ದರೆ, ಎಂಟು ಗಂಟೆ ಮೂತ್ರವೇ ಬರದಿದ್ದರೆ ಅಥವಾ ಬಂದದ್ದು ಗಾಢ ಬಣ್ಣದಲ್ಲಿದ್ದರೆ, ನಿಂತಾಗ ಕಣ್ಣು ಕತ್ತಲೆ ಬಂದರೆ, ವಾಂತಿಯಲ್ಲಿ ರಕ್ತ ಕಂಡರೆ, ಜ್ವರ ಅಥವಾ ಹೊಟ್ಟೆನೋವು ಜೊತೆಗಿದ್ದರೆ ಅಂದೇ ಹೊರಡಿ. 50 ಕೆಜಿ ಇದ್ದವಳು 47.5ಕ್ಕೆ ಇಳಿದಿದ್ದರೂ ಅಷ್ಟೇ. ವಾಹನವಿಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ತಾಯಿ ಕಾರ್ಡ್ ಜೊತೆಗಿರಲಿ. ಕೊನೆಯ ಸಲ ಮೂತ್ರ ಹೋದದ್ದು ಎಷ್ಟು ಗಂಟೆಗೆ, ದಿನಕ್ಕೆ ಎಷ್ಟು ವಾಂತಿ ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಹಲವು ದಿನದಿಂದ ಏನೂ ಒಳಗೆ ನಿಂತಿಲ್ಲದಿದ್ದರೆ ಅದನ್ನು ಮೊದಲೇ ಹೇಳಿ. ಅಂಥವರಿಗೆ ಗ್ಲೂಕೋಸ್ ಏರಿಸುವ ಮೊದಲು ಬಿ1 ವಿಟಮಿನ್ ಕೊಡಬೇಕಾಗುತ್ತದೆ.

ಡ್ರಿಪ್ ಹಾಕಿಸಿಕೊಂಡು ಮನೆಗೆ ಬಂದ ದಿನ ಹಸಿವಾಗಿದೆ ಎಂದು ತಟ್ಟೆ ತುಂಬಾ ಬಡಿಸಬೇಡಿ. ಅಂದೂ ಚಮಚದಿಂದಲೇ ಶುರು.