ಸೈಕಲ್ ತುಳಿಯುವವರ ಚಳಿಗೆ ಉಣ್ಣೆ: ದಪ್ಪ ಸ್ವೆಟರ್ ಬೇಡ, ತೆಳ್ಳಗಿನ ಅಂಗಿ ಸಾಕು

ಡಿಸೆಂಬರ್ ಬಂದರೆ ಸಾಕು, ಭಾನುವಾರ ಬೆಳಗ್ಗೆ ಐದಕ್ಕೇ ಬಳ್ಳಾರಿ ರಸ್ತೆಯಲ್ಲಿ ನಂದಿಬೆಟ್ಟದ ಕಡೆ ಹೊರಟ ಸೈಕಲ್‌ಗಳ ಸಾಲು ಕಾಣುತ್ತದೆ. ಅದರಲ್ಲಿ ಎರಡು ಥರದವರು ಇರುತ್ತಾರೆ. ಬೇಸಿಗೆಯಲ್ಲಿ ಹಾಕುವ ಅದೇ ಪಾಲಿಯೆಸ್ಟರ್ ಜೆರ್ಸಿಯಲ್ಲಿ ಹಲ್ಲು ಕಟಕಟ ಅನ್ನಿಸುತ್ತಾ ಹೋಗುವವರು ಕೆಲವರು. ಬೈಕ್ ಜಾಕೆಟ್ಟನ್ನೇ ಏರಿಸಿಕೊಂಡು ಬಂದು, ದೇವನಹಳ್ಳಿ ತಲುಪುವ ಹೊತ್ತಿಗೆ ಬೆವರಿನಲ್ಲಿ ತೊಯ್ದು, ಅದನ್ನು ಬಿಚ್ಚಿ ಸೊಂಟಕ್ಕೆ ಕಟ್ಟಿಕೊಳ್ಳುವವರು ಇನ್ನು ಕೆಲವರು. ಇಬ್ಬರಿಗೂ ಹೇಳುವುದು ಒಂದೇ. ಮೈಗೆ ತಾಗುವಂತೆ ತೆಳ್ಳಗಿನ ಉಣ್ಣೆ ಅಂಗಿ ಹಾಕಿ, ಗಾಳಿ ತಡೆಯಲು ಒಂದು ಹಗುರ ಜಾಕೆಟ್ ಜೇಬಿನಲ್ಲಿ ಇಟ್ಟುಕೊಳ್ಳಿ. ಮಿಕ್ಕಿದ್ದೆಲ್ಲ ಅದರ ವಿವರ ಅಷ್ಟೆ.

ಬೆಂಗಳೂರಿಗೆ ಉಣ್ಣೆ ಯಾಕೆ ಅಂತ ಕೇಳಬಹುದು. ಈ ಊರಲ್ಲಿ 1884ರ ಜನವರಿಯಲ್ಲಿ 7.8 ಡಿಗ್ರಿ ದಾಖಲಾಗಿತ್ತು. ಈಗ ಅಷ್ಟೆಲ್ಲ ಇಲ್ಲ, ಡಿಸೆಂಬರ್–ಜನವರಿಯ ಮುಂಜಾನೆ 15 ಡಿಗ್ರಿ ಆಸುಪಾಸು ಇರುತ್ತದೆ. ಮನೆ ಮುಂದೆ ಕಾಫಿ ಲೋಟ ಹಿಡಿದು ನಿಂತವರಿಗೆ ಅದು ಹಿತವಾದ ಚಳಿ. ಸೈಕಲ್ ಮೇಲೆ ಹಾಗಲ್ಲ. ಎಲೆ ಅಲ್ಲಾಡದ ದಿನವೂ ನೀವು ಗಂಟೆಗೆ 25 ಕಿ.ಮೀ. ವೇಗದಲ್ಲಿ ಹೋದರೆ ಅಷ್ಟೇ ವೇಗದ ಗಾಳಿ ಎದೆಗೆ ಬಡಿಯುತ್ತಿರುತ್ತದೆ, ಇಳಿಜಾರಿನಲ್ಲಿ ಅದು ಎರಡು ಪಟ್ಟಾಗುತ್ತದೆ. ಬೀದರ್, ವಿಜಯಪುರದ ಕಡೆಯವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ, ಅಲ್ಲಿ ಕೆಲವು ದಿನ 10 ಡಿಗ್ರಿಗಿಂತ ಕೆಳಗೇ ಇಳಿಯುತ್ತದೆ.

ಮೊದಲು ಇದು ಗೊತ್ತಿರಲಿ: ನಡುಗಿಸುವುದು ಬೆವರು

ನಂದಿಬೆಟ್ಟದ ತುದಿ 1,478 ಮೀಟರ್ ಎತ್ತರದಲ್ಲಿದೆ. ಕೊನೆಯ ಏಳೆಂಟು ಕಿಲೋಮೀಟರ್ ಬರೀ ಏರು. ಹತ್ತುವಾಗ ಚಳಿ ಅನ್ನುವುದೇ ಮರೆತುಹೋಗುತ್ತದೆ, ಬೆವರು ಹರಿಯುತ್ತಿರುತ್ತದೆ. ಮೇಲೆ ಹೋಗಿ ಮಂಜಿನಲ್ಲಿ ನಿಂತು ಫೋಟೊ ತೆಗೆದುಕೊಂಡು, ಚಹಾ ಕುಡಿದು ಇಳಿಯಲು ಶುರು ಮಾಡಿದಾಗ ಗೊತ್ತಾಗುತ್ತದೆ ನೋಡಿ ಕಷ್ಟ. ಬೆವರಿಗೆ ನೆನೆದ ಬಟ್ಟೆ, ಎದುರಿಗೆ ಜೋರು ಗಾಳಿ, ಪೆಡಲ್ ತುಳಿಯುವ ಕೆಲಸ ಇಲ್ಲದ್ದರಿಂದ ಮೈಯಲ್ಲಿ ಬಿಸಿಯೂ ಹುಟ್ಟುವುದಿಲ್ಲ.

ಇಲ್ಲಿ ಅತಿ ಕೆಟ್ಟದ್ದು ಯಾವುದು ಅಂದರೆ ನಾವೆಲ್ಲ ದಿನಾ ಹಾಕುವ ಹತ್ತಿ ಬನಿಯನ್. ಹತ್ತಿ ನೀರನ್ನು ಚೆನ್ನಾಗಿ ಕುಡಿಯುತ್ತದೆ, ಆದರೆ ಬೇಗ ಬಿಡುವುದಿಲ್ಲ. ಒದ್ದೆಯಾಗಿ ಮೈಗೆ ಅಂಟಿಕೊಂಡು ಮೈಬಿಸಿಯನ್ನು ಎಳೆಯುತ್ತಲೇ ಇರುತ್ತದೆ. ಪಾಲಿಯೆಸ್ಟರ್ ಇದಕ್ಕಿಂತ ವಾಸಿ. ಅದರ ಎಳೆ ನೀರನ್ನು ಹೀರುವುದೇ ಇಲ್ಲ ಅನ್ನಬಹುದು, ಹಾಗಾಗಿ ಬೇಗ ಒಣಗುತ್ತದೆ. ಆದರೆ ಒಣಗುವವರೆಗೆ ಮೈ ತಣ್ಣಗಾಗುತ್ತದೆ, ಮತ್ತೆ ಆ ವಾಸನೆ! ಎರಡು ದಿನ ಹಾಕಿದ ಪಾಲಿಯೆಸ್ಟರ್ ಜೆರ್ಸಿಯ ಪಕ್ಕ ಕೂತವರನ್ನು ಕೇಳಬೇಕು.

ಉಣ್ಣೆ ಮಾಡುವುದೇ ಬೇರೆ. ನಮ್ಮ ಕೂದಲು, ಉಗುರು ಕೆರಾಟಿನ್ ಎಂಬ ಯಾವ ಪ್ರೋಟೀನ್‌ನಿಂದ ಆಗಿದೆಯೋ ಅದರಿಂದಲೇ ಉಣ್ಣೆಯೂ ಆಗಿರುವುದು. ಎಳೆಯ ಹೊರಮೈ ನೀರಿನ ಹನಿಯನ್ನು ಹತ್ತಿರ ಸೇರಿಸುವುದಿಲ್ಲ, ಆದರೆ ಒಳಭಾಗ ನೀರಿನ ಆವಿಯನ್ನು ಎಳೆದುಕೊಳ್ಳುತ್ತದೆ. ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವವನ್ನು ಹೀಗೆ ಒಳಗಿಟ್ಟುಕೊಂಡರೂ ಮುಟ್ಟಿದರೆ ಒದ್ದೆ ಅನಿಸುವುದಿಲ್ಲ. 200 ಗ್ರಾಂ ತೂಕದ ಅಂಗಿ ಅಂದರೆ ಅರವತ್ತು ಗ್ರಾಂ ಬೆವರು, ಕಡಿಮೆಯೇನಲ್ಲ. ಹಾಗೆ ತೇವ ಎಳೆದುಕೊಳ್ಳುವಾಗ ಸ್ವಲ್ಪ ಬಿಸಿಯೂ ಹುಟ್ಟುತ್ತದೆ. ಇದರ ಜೊತೆಗೆ ಉಣ್ಣೆಯ ಎಳೆ ನೇರ ಇರುವುದಿಲ್ಲ, ಸುರುಳಿ ಸುರುಳಿ. ಆ ಸುರುಳಿಗಳ ನಡುವೆ ಗಾಳಿ ಸಿಕ್ಕಿಹಾಕಿಕೊಂಡು ನಿಲ್ಲುತ್ತದೆ. ಬೆಚ್ಚಗಿಡುವುದು ಆ ನಿಂತ ಗಾಳಿಯೇ.

ಇದನ್ನು ನಮಗೆ ಹೊರಗಿನವರು ಬಂದು ಕಲಿಸಬೇಕಾಗಿಲ್ಲ. ಮಲೆನಾಡಿನಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಇಡೀ ದಿನ ಮಳೆಯಲ್ಲಿ ಗದ್ದೆ ಕೆಲಸ ಮಾಡುತ್ತಿದ್ದವರಿಗೆ, ಚಳ್ಳಕೆರೆ ಕಡೆಯ ಕುರಿಗಾಹಿಗಳಿಗೆ ನೆನೆದರೂ ಬೆಚ್ಚಗಿಡುವ ಬಟ್ಟೆ ಯಾವುದು ಅಂತ ಗೊತ್ತಿತ್ತು. ಹಾಗಂತ ಕಂಬಳಿಯನ್ನೇ ಹೊಲಿಸಿ ಸೈಕಲ್ ಅಂಗಿ ಮಾಡಿಕೊಳ್ಳಲು ಆಗುವುದಿಲ್ಲ. ನಮ್ಮ ದಖನಿ ಕುರಿಯ ಉಣ್ಣೆ ಒರಟು. 30 ಮೈಕ್ರಾನ್‌ಗಿಂತ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ದಪ್ಪದ ಎಳೆ ಚರ್ಮಕ್ಕೆ ತಾಗಿದಾಗ ಬಾಗುವುದಿಲ್ಲ, ಚುಚ್ಚುತ್ತದೆ. ‘ನನಗೆ ಉಣ್ಣೆ ಆಗಲ್ಲ, ಕಡಿಯುತ್ತೆ’ ಅನ್ನುವವರಲ್ಲಿ ಬಹಳ ಜನ ಹೇಳುತ್ತಿರುವುದು ಇದನ್ನೇ.

ಸೈಕಲ್ ಪಂದ್ಯದವರಿಗೂ ಉಣ್ಣೆ ಹಳೇ ಸಂಗಾತಿ. 1919ರಲ್ಲಿ ಟೂರ್ ಡಿ ಫ್ರಾನ್ಸ್‌ನಲ್ಲಿ ಮುಂದಿರುವವರಿಗೆ ಹಳದಿ ಜೆರ್ಸಿ ಕೊಡುವುದು ಶುರುವಾದಾಗ ಅದು ಉಣ್ಣೆಯದೇ. 1940ರ ದಶಕದ ಕೊನೆಯಲ್ಲಿ ಕೃತಕ ನೂಲು ಬೆರೆಸಿದ ಹಳದಿ ಜೆರ್ಸಿ ಕೊಟ್ಟಾಗ ಫ್ರಾನ್ಸಿನ ಸವಾರ ಲೂಯಿಸೊನ್ ಬೊಬೆ ಅದನ್ನು ಹಾಕಲು ಒಪ್ಪಲಿಲ್ಲ, ಬೆವರು–ಧೂಳಿಗೆ ಉಣ್ಣೆಯೇ ಸರಿ ಅಂತ ಹಟ ಹಿಡಿದರು. ಹಾಗಂತ ಪಂದ್ಯದವರು ಈಗ ಉಣ್ಣೆ ಹಾಕುವುದಿಲ್ಲ, ಅವರಿಗೆ ಬೇಕಿರುವುದು ವೇಗ. ನಮಗೆ ಅಷ್ಟು ಅವಸರ ಇಲ್ಲವಲ್ಲ.

ಕೊಳ್ಳುವಾಗ

ಮೈಗೆ ತಾಗುವ ಅಂಗಿಗೆ ನಯವಾದ ಎಳೆಯ ಮೆರಿನೋ ತಳಿಯ ಕುರಿಯ ಉಣ್ಣೆಯೇ ಬೇಕು. 17ರಿಂದ 19 ಮೈಕ್ರಾನ್ ಅಂತ ಬರೆದಿದ್ದರೆ ಚುಚ್ಚುವ ಭಯವಿಲ್ಲ. ದಪ್ಪವನ್ನು ಜಿಎಸ್‌ಎಂ ಲೆಕ್ಕದಲ್ಲಿ ಹೇಳುತ್ತಾರೆ, ಅಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಅಂತ. ದಕ್ಷಿಣ ಕರ್ನಾಟಕದ ಚಳಿಗೆ 150 ಸಾಕು. ಹಿಮಾಲಯಕ್ಕೆ ಹೋಗುವವರು, ಹೊರದೇಶದಲ್ಲಿ ಸೊನ್ನೆ ಡಿಗ್ರಿಯಲ್ಲಿ ಸೈಕಲ್ ಹತ್ತಿ ಕೆಲಸಕ್ಕೆ ಹೋಗುವ ನಮ್ಮವರು 200 ಅಥವಾ 250 ನೋಡಬಹುದು. ಆದರೂ ದಪ್ಪದ್ದು ಒಂದು ಕೊಳ್ಳುವ ಬದಲು ತೆಳ್ಳಗಿನವು ಎರಡು ಇಟ್ಟುಕೊಂಡರೆ ಅನುಕೂಲ. ಸೆಖೆಯಾದರೆ ಒಂದನ್ನು ಬಿಚ್ಚಬಹುದು.

ಅಳತೆ ಮೈಗೆ ಹತ್ತಿಕೊಂಡಂತಿರಲಿ. ಸಡಿಲ ಇದ್ದರೆ ಬೆವರನ್ನು ಹೀರುವುದಿಲ್ಲ. ಬೆನ್ನಿನ ಕಡೆ ಸ್ವಲ್ಪ ಉದ್ದ ಇರಬೇಕು, ಹ್ಯಾಂಡಲ್ ಹಿಡಿದು ಬಗ್ಗಿದಾಗ ಸೊಂಟ ಕಾಣಿಸಿದರೆ ಗಾಳಿ ಸೀದಾ ಅಲ್ಲಿಗೇ ನುಗ್ಗುತ್ತದೆ. ಕತ್ತಿನ ಹತ್ತಿರ ಜಿಪ್ ಇರುವುದು ಸಿಕ್ಕರೆ ಬಿಡಬೇಡಿ.

ಬೆಲೆ ಜಾಸ್ತಿಯೇ. ಒಳ್ಳೆಯ ಮೆರಿನೋ ಅಂಗಿಗೆ ಕೆಲವು ಸಾವಿರ ರೂಪಾಯಿ ಕೊಡಬೇಕಾಗುತ್ತದೆ. ಹಾಗಾಗಿ ಚೀಟಿ ಓದದೆ ಕೊಳ್ಳಬೇಡಿ. ‘ವೂಲನ್’, ‘ವೂಲ್ ಬ್ಲೆಂಡ್’, ‘ವಿಂಟರ್ ವೇರ್’ ಅಂತ ದೊಡ್ಡದಾಗಿ ಬರೆದಿದ್ದರೂ ಒಳಗಿನ ಚೀಟಿಯಲ್ಲಿ ಅಕ್ರಿಲಿಕ್ ಅನ್ನುವ ಕೃತಕ ನೂಲು 90 ಪರ್ಸೆಂಟ್ ಇರಬಹುದು. ಸಾಕ್ಸ್‌ನಲ್ಲಿ, ತೀರಾ ತೆಳು ಅಂಗಿಗಳಲ್ಲಿ ಗಟ್ಟಿಯಾಗಿರಲಿ ಅಂತ ಸ್ವಲ್ಪ ನೈಲಾನ್ ಸೇರಿಸಿರುತ್ತಾರೆ, ಅದು ಮೋಸವಲ್ಲ. ಚಳಿಗಾಲದಲ್ಲಿ ನಮ್ಮ ಊರುಗಳಲ್ಲಿ ಟಿಬೆಟಿಯನ್ನರು ಹಾಕುವ ಸ್ವೆಟರ್ ಅಂಗಡಿಗಳ ಮಾಲು ಹೆಚ್ಚಾಗಿ ಲೂಧಿಯಾನದಿಂದ ಬರುತ್ತದೆ, ಅದರಲ್ಲಿ ಬಹುಪಾಲು ಅಕ್ರಿಲಿಕ್. ಸಂಜೆ ವಾಕಿಂಗಿಗೆ, ಬಸ್ಸಿನಲ್ಲಿ ಊರಿಗೆ ಹೋಗುವಾಗ ಅವು ಬೆಚ್ಚಗಿರುತ್ತವೆ. ಬೆವರುವ ಕೆಲಸಕ್ಕೆ ಮಾತ್ರ ಆಗುವುದಿಲ್ಲ.

ಮನೆಯ ಟ್ರಂಕಿನಲ್ಲಿ ಹಳೇ ಸ್ವೆಟರ್ ಇದ್ದು ಅದು ಏನು ಅಂತ ಅನುಮಾನವಿದ್ದರೆ ಒಳಹೊಲಿಗೆಯಿಂದ ಒಂದು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು, ಸಿಂಕಿನ ಮೇಲೆ ಬೆಂಕಿಕಡ್ಡಿ ತಾಗಿಸಿ. ಕೂದಲು ಸುಟ್ಟ ವಾಸನೆ ಬಂದು, ಬೆಂಕಿ ತೆಗೆದ ಕೂಡಲೇ ಆರಿ, ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ. ಕರಗಿ, ತಣ್ಣಗಾದ ಮೇಲೆ ಗಟ್ಟಿ ಮಣಿಯಂತೆ ಉಳಿದರೆ ಅಕ್ರಿಲಿಕ್. ಅಜ್ಜಿ ಹೆಣೆದ ಸ್ವೆಟರ್ ನಿಜವಾದ ಉಣ್ಣೆ ಅಂತ ಗೊತ್ತಾದರೆ ಖುಷಿಪಡಿ, ಅದನ್ನು ಎರಡನೇ ಪದರಕ್ಕೆ ಇಟ್ಟುಕೊಳ್ಳಿ.

ಹಾಕಿಕೊಳ್ಳುವ ಬಗೆ

ಒಳಗೆ ಬನಿಯನ್ ಬೇಡ, ಸೀದಾ ಮೈಮೇಲೆ ಉಣ್ಣೆ ಅಂಗಿ. ಅದರ ಮೇಲೆ ಮಾಮೂಲಿ ಸೈಕಲ್ ಜೆರ್ಸಿ. 15 ಡಿಗ್ರಿಗೆ ಇಷ್ಟೇ ಸಾಕು. 10ಕ್ಕಿಂತ ಕೆಳಗೆ ಹೋದರೆ ನಡುವೆ ಇನ್ನೊಂದು ಉಣ್ಣೆ ಪದರ. ಮನೆಯಿಂದ ಹೊರಡುವಾಗ ಸ್ವಲ್ಪ ಚಳಿ ಅನಿಸಬೇಕು. ಗೇಟಿನ ಹತ್ತಿರವೇ ಬೆಚ್ಚಗಿದ್ದರೆ ಹತ್ತು ನಿಮಿಷಕ್ಕೆ ಬೆವರು ಗ್ಯಾರಂಟಿ.

ಉಣ್ಣೆಗೆ ಒಂದು ದೊಡ್ಡ ಕೊರತೆ ಇದೆ. ಅದು ಗಾಳಿ ತಡೆಯುವುದಿಲ್ಲ. ಹೆಣಿಗೆಯ ಸಂದಿಯಲ್ಲಿ ಗಾಳಿ ತೂರಿ, ಒಳಗೆ ನಿಂತ ಬೆಚ್ಚನೆ ಗಾಳಿಯನ್ನು ಓಡಿಸಿಬಿಡುತ್ತದೆ. ಅದಕ್ಕೇ ಮುಷ್ಟಿಯಲ್ಲಿ ಹಿಡಿಯುವಷ್ಟು ತೆಳು ವಿಂಡ್ ಜಾಕೆಟ್ ಬೇಕು ಅಂದಿದ್ದು. ಹತ್ತುವಾಗ ಅದು ಜೇಬಿನಲ್ಲಿರಲಿ, ಕತ್ತಿನ ಜಿಪ್ ತೆಗೆದಿರಲಿ. ತುದಿ ತಲುಪಿದ ಕೂಡಲೇ, ಮೈ ಬಿಸಿ ಇರುವಾಗಲೇ ಜಾಕೆಟ್ ಹಾಕಿ. ನಡುಕ ಶುರುವಾದ ಮೇಲೆ ಹಾಕಿದರೆ ಬೆಚ್ಚಗಾಗಲು ತುಂಬಾ ಹೊತ್ತು ಬೇಕು. ಜಾಕೆಟ್ ಇಲ್ವಾ? ಯುರೋಪಿನ ಪಂದ್ಯಗಳಲ್ಲಿ ಬೆಟ್ಟದ ತುದಿಯಲ್ಲಿ ನಿಂತ ಜನ ಸವಾರರಿಗೆ ಪೇಪರ್ ಕೊಡುತ್ತಿದ್ದರು. ಅವರು ಅದನ್ನು ಜೆರ್ಸಿಯೊಳಗೆ ಎದೆಗೆ ಸಿಕ್ಕಿಸಿಕೊಂಡು ಇಳಿಯುತ್ತಿದ್ದರು. ನೀವು ಓದುತ್ತಿರುವ ಈ ಪುರವಣಿಯೂ ಆ ಕೆಲಸಕ್ಕೆ ಆಗುತ್ತದೆ.

ಕಾಲಿಗೆ ಮೆರಿನೋ ಸಾಕ್ಸ್. ಒಂದೇ ಜೊತೆ ಕೊಳ್ಳುವಷ್ಟು ದುಡ್ಡಿದ್ದರೆ ಅಂಗಿಗಿಂತ ಮೊದಲು ಇದನ್ನೇ ಕೊಳ್ಳಿ ಅಂತ ಹೇಳುತ್ತೇನೆ, ಖರ್ಚು ಕಡಿಮೆ, ಲಾಭ ಆ ದಿನವೇ ಗೊತ್ತಾಗುತ್ತದೆ. ಶೂ ಬಿಗಿಯಾಗುವಷ್ಟು ದಪ್ಪದ್ದು ಬೇಡ, ರಕ್ತ ಓಡಾಡದಿದ್ದರೆ ಬೆರಳು ಇನ್ನೂ ತಣ್ಣಗಾಗುತ್ತದೆ. ಕಿವಿಗೆ ಹೆಲ್ಮೆಟ್ ಒಳಗೆ ಕೂರುವ ತೆಳು ಉಣ್ಣೆ ಟೋಪಿ ಅಥವಾ ಪಟ್ಟಿ. ಮಂಕಿ ಕ್ಯಾಪ್ ಮೇಲೆ ಹೆಲ್ಮೆಟ್ ಹಾಕಿದರೆ ಅದು ತಲೆಗೆ ಸರಿಯಾಗಿ ಕೂರುವುದಿಲ್ಲ, ಬಿದ್ದರೆ ಉಪಯೋಗಕ್ಕೆ ಬರುವುದಿಲ್ಲ. ಕೈಗೆ ಬರೀ ಉಣ್ಣೆ ಗ್ಲೌಸ್ ಸಾಲದು, ಮೊದಲು ಗಾಳಿ ಬಡಿಯುವುದೇ ಅಲ್ಲಿಗೆ, ಹಾಗಾಗಿ ಮೇಲೆ ಗಾಳಿ ತಡೆಯುವ ಗ್ಲೌಸ್ ಇರಬೇಕು.

ಸೈಕಲ್ ಇಳಿದ ಮೇಲೆ

ಸೈಕಲ್‌ನಲ್ಲೇ ಆಫೀಸಿಗೆ ಹೋಗುವವರಿಗೆ ಉಣ್ಣೆಯ ಇನ್ನೊಂದು ಗುಣ ಬಹಳ ಇಷ್ಟವಾಗುತ್ತದೆ. ಬೆವರಿನ ವಾಸನೆ ಹಿಡಿಯುವುದು ತೀರಾ ಕಡಿಮೆ. ತೆಳು ಮೆರಿನೋ ಟೀಶರ್ಟಿನಲ್ಲಿ ಬಂದು, ಮೇಲೆ ಶರ್ಟ್ ಹಾಕಿ ಹಾಗೇ ಕೂತುಬಿಡಬಹುದು. ಎಸಿ ಜೋರಾಗಿದ್ದರೂ ಚಿಂತೆಯಿಲ್ಲ. ಮನೆಯಲ್ಲಿ ವಯಸ್ಸಾದವರಿಗೆ ರಾತ್ರಿ ಕಾಲು ತಣ್ಣಗಾಗುತ್ತದೆ ಅಂದರೆ ಉಣ್ಣೆ ಸಾಕ್ಸ್ ತಂದುಕೊಡಿ, ಸುಮ್ನೆ ಎರಡೆರಡು ರಗ್ಗು ಹೊದಿಸುವುದಕ್ಕಿಂತ ಒಳ್ಳೆಯದು. ಆದರೆ ಮೊಸಾಯಿಕ್ ನೆಲದ ಮೇಲೆ ಜಾರುತ್ತದೆ, ಹುಷಾರು. ಓಡಾಡದೆ ಕೂತಿರುವಾಗ ಒಳಗೆ ಹತ್ತಿ ಹಾಕಿ ಮೇಲೆ ಒರಟು ಉಣ್ಣೆ ಸ್ವೆಟರ್ ಹಾಕಿಕೊಂಡರೆ ತಪ್ಪೇನಿಲ್ಲ, ಬೆವರು ಇಲ್ಲವಲ್ಲ.

ಒಗೆಯುವುದು, ಎತ್ತಿಡುವುದು

ಜನ ಉಣ್ಣೆಗೆ ಹೆದರುವುದೇ ಇಲ್ಲಿ. ದೊಡ್ಡವರ ಸ್ವೆಟರ್ ಒಂದು ಸಲ ಒಗೆದ ಮೇಲೆ ಮಗುವಿನ ಅಳತೆಗೆ ಬಂದ ಕಥೆ ಪ್ರತಿ ಮನೆಯಲ್ಲೂ ಇರುತ್ತದೆ. ಉಣ್ಣೆ ಎಳೆಯ ಮೇಲೆ ಮೀನಿನ ಹಾಗೆ ಸಣ್ಣ ಹುರುಪೆಗಳಿವೆ. ಬಿಸಿನೀರಿನಲ್ಲಿ ತಿಕ್ಕಿ ಕುಕ್ಕಿದಾಗ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಿಗಿಯುತ್ತವೆ, ಆಮೇಲೆ ಬಿಡಿಸಲು ಆಗುವುದಿಲ್ಲ. ಆದ್ದರಿಂದ ತಣ್ಣೀರು, ಕಡಿಮೆ ಅಲುಗಾಟ. ಅಂಟುವಾಳಕಾಯಿ ನೆನೆಸಿದ ನೊರೆನೀರು ಬಹಳ ಒಳ್ಳೆಯದು, ರೇಷ್ಮೆಗೂ ಉಣ್ಣೆಗೂ ಹಿಂದಿನವರು ಅದನ್ನೇ ಬಳಸುತ್ತಿದ್ದರು. ಇಲ್ಲದಿದ್ದರೆ ಉಣ್ಣೆಗೆಂದೇ ಸಿಗುವ ಲಿಕ್ವಿಡ್ ಹಾಕಿ. ಮಾಮೂಲಿ ಸೋಪಿನ ಪುಡಿಗಳಲ್ಲಿ ಕಲೆ ತೆಗೆಯಲು ಎಂಜೈಮ್ ಹಾಕಿರುತ್ತಾರೆ, ಅವು ಪ್ರೋಟೀನ್ ಕರಗಿಸುವಂಥವು, ಉಣ್ಣೆಯೇ ಪ್ರೋಟೀನ್. ಬ್ಲೀಚ್ ಅಂತೂ ಹತ್ತಿರ ತರಲೇಬೇಡಿ.

ಹತ್ತು ನಿಮಿಷ ನೆನೆಸಿ, ಮೆಲ್ಲಗೆ ಹಿಸುಕಿ, ಜಾಲಿಸಿ. ಹಿಂಡಬೇಡಿ. ಒಣ ಟವಲ್ ಮೇಲೆ ಹರವಿ, ಸುತ್ತಿ, ಒತ್ತಿದರೆ ನೀರು ಹೋಗುತ್ತದೆ. ಆಮೇಲೆ ನೆರಳಿನಲ್ಲಿ ಚಾಪೆಯ ಮೇಲೆ ಹರವಿ. ತಂತಿಗೆ ನೇತುಹಾಕಿದರೆ ನೀರಿನ ಭಾರಕ್ಕೆ ತೋಳು ಮೊಣಕಾಲಿನವರೆಗೆ ಬಂದುಬಿಡುತ್ತದೆ. ಚೀಟಿಯಲ್ಲಿ ಮೆಷಿನ್ ವಾಶ್ ಅಂತ ಇದ್ದರೆ ಮಾತ್ರ ಮೆಷಿನ್, ಅದೂ ವೂಲ್ ಅಥವಾ ಡೆಲಿಕೇಟ್ ಸೆಟ್ಟಿಂಗ್‌ನಲ್ಲಿ. ಪ್ರತಿ ಸವಾರಿಗೂ ಒಗೆಯಬೇಕಾಗಿಲ್ಲ, ರಾತ್ರಿಯೆಲ್ಲ ಗಾಳಿಗೆ ಹಾಕಿದರೆ ಬೆಳಗ್ಗೆಗೆ ತಯಾರು.

ಶಿವರಾತ್ರಿ ಕಳೆದು ಎತ್ತಿಡುವ ಮುನ್ನ ಮಾತ್ರ ತಪ್ಪದೆ ಒಗೆಯಿರಿ. ನುಸಿಹುಳದ ಮರಿಗಳು ಬೆವರು, ಊಟದ ಕಲೆ ಇರುವ ಜಾಗವನ್ನೇ ಹುಡುಕಿ ತಿನ್ನುತ್ತವೆ. ಚೆನ್ನಾಗಿ ಒಣಗಿಸಿ, ಬಾಯಿ ಬಿಗಿಯುವ ಚೀಲದಲ್ಲಿ ಹಾಕಿಡಿ. ನುಸಿಗುಳಿಗೆ ಹಾಕುವುದಾದರೆ ಬಟ್ಟೆಗೆ ಸೀದಾ ತಾಗದಂತೆ, ಮಕ್ಕಳ ಕೈಗೆ ಸಿಗದಂತೆ ಇಡಿ. ಆ ವಾಸನೆ ಆಗದವರು ತಿಂಗಳಿಗೊಮ್ಮೆ ಚೀಲ ತೆಗೆದು ಕೊಡವಿದರೂ ನಡೆಯುತ್ತದೆ. ಹುಳ ಬಿದ್ದಿದೆ ಅನಿಸಿದರೆ ಚೀಲವನ್ನು ಹಾಗೇ ಫ್ರೀಜರ್‌ನಲ್ಲಿ ಎರಡು ವಾರ ಇಡಿ, ಮನೆಯವರಿಗೆ ಮೊದಲೇ ಹೇಳಿ. ತೂತು ಬಿದ್ದರೂ ಎಸೆಯಬೇಡಿ, ಚಿಕ್ಕದಿರುವಾಗಲೇ ಅದೇ ಬಣ್ಣದ ನೂಲಿನಲ್ಲಿ ರಫೂ ಮಾಡಿಸಿ. ಬಣ್ಣ ಹೊಂದದಿದ್ದರೂ ಪರವಾಗಿಲ್ಲ, ಜೆರ್ಸಿ ಒಳಗಿನ ಅಂಗಿಯನ್ನು ಯಾರು ನೋಡುತ್ತಾರೆ?