ಪೈರೋ ಕಳೆಯೋ? ಹುಲ್ಲಿನ ಗುರುತು ಹಿಡಿಯುವುದು ಹೀಗೆ

ಭತ್ತದ ಗದ್ದೆಯಲ್ಲಿ ಕಳೆ ಕೀಳುವವರಿಗೆ ಕಾಡು ಊದಲಿನ ಕಾಟ ಹೊಸದಲ್ಲ. ತೆನೆ ಬರುವವರೆಗೂ ಅದು ಭತ್ತದ ಪೈರಿನ ನಡುವೆ ಸೇರಿಕೊಂಡು ಕಣ್ಣು ತಪ್ಪಿಸುತ್ತದೆ. ಎತ್ತರ, ಬಣ್ಣ, ಗರಿಯ ಅಗಲ ನಂಬಿದರೆ ಮೋಸ ಹೋಗುವುದೇ ಜಾಸ್ತಿ. ನೋಡಬೇಕಾದ್ದು ಗರಿ ಕಾಂಡ ಬಿಟ್ಟು ಹೊರಕ್ಕೆ ಬಾಗುವ ಸಂದನ್ನು.

ಗರಿಯನ್ನು ಮೆಲ್ಲಗೆ ಹಿಂದಕ್ಕೆ ಬಗ್ಗಿಸಿ. ಭತ್ತವಾದರೆ ಅಲ್ಲಿ ತೆಳ್ಳನೆಯ ಬಿಳಿ ಪೊರೆ ನಾಲಿಗೆಯಂತೆ ಎದ್ದಿರುತ್ತದೆ. ಅದರ ತುದಿ ಎರಡಾಗಿ ಸೀಳಿರುತ್ತದೆ. ಅಕ್ಕಪಕ್ಕದಲ್ಲಿ ಕೂದಲಿರುವ ಎರಡು ಪುಟ್ಟ ಕೊಕ್ಕೆಗಳೂ ಸಿಗುತ್ತವೆ. ಕಾಡು ಊದಲಿನಲ್ಲಿ ಪೊರೆಯೂ ಇಲ್ಲ, ಕೊಕ್ಕೆಯೂ ಇಲ್ಲ. ಪುಸ್ತಕಗಳು ಈ ಪೊರೆಯನ್ನು ಲಿಗ್ಯೂಲ್ ಎನ್ನುತ್ತವೆ. ಗರಿಕೆಯಲ್ಲಿ ಅದರ ಜಾಗದಲ್ಲಿ ಸಣ್ಣ ಕೂದಲಿನ ಸಾಲು ಇರುತ್ತದೆ.

ಅದಕ್ಕೂ ಮೊದಲು, ಕೈಲಿರುವುದು ಹುಲ್ಲೇ ಅಲ್ವಾ ಎಂದು ಖಚಿತ ಮಾಡಿಕೊಳ್ಳಿ. ಕಾಂಡವನ್ನು ಬೆರಳುಗಳ ನಡುವೆ ಹೊರಳಿಸಿ. ಮೂರು ಮೂಲೆ ಸಿಕ್ಕರೆ ಅದು ತುಂಗೆಯ ಜಾತಿ. ಹುಲ್ಲಿನ ಕಾಂಡ ದುಂಡಗೆ ಅಥವಾ ಚಪ್ಪಟೆಯಾಗಿದ್ದು, ಗೆಣ್ಣುಗಳಿರುತ್ತವೆ. ಗರಿಗಳು ಎರಡೇ ಸಾಲಿನಲ್ಲಿ ಬರುತ್ತವೆ.

ಗಿಡವನ್ನು ಬೇರು ಸಮೇತ, ತೆನೆ ಇರುವಾಗಲೇ ಕೀಳಿ. ಬೇರಿಲ್ಲದಿದ್ದರೆ ಅದು ಒಂದೇ ವರ್ಷದ್ದೋ, ಗಡ್ಡೆಯಿಂದ ಮತ್ತೆ ಚಿಗುರುವುದೋ ತಿಳಿಯುವುದಿಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್, ಒಂದು ಗುಂಡುಸೂಜಿ ಸಾಕು.

ಇನ್ನು ತೆನೆ. ಬೆರಳು ಬೆರಳಾಗಿ ಒಡೆದ ತೆನೆ ನೋಡಿ ಎಲ್ಲವನ್ನೂ ಗರಿಕೆ ಎಂದುಬಿಡುತ್ತೇವೆ. ಕಾಡು ರಾಗಿಗೂ ಅಂಥದೇ ತೆನೆ. ಬೆರಳಿನ ತುದಿ ನೋಡಿ: ಕೊನೆಯಲ್ಲಿ ಕಾಳಿಲ್ಲದೆ ಬೋಳು ಮೊನೆ ಚಾಚಿಕೊಂಡಿದ್ದರೆ ಅದು ಡ್ಯಾಕ್ಟಿಲಾಕ್ಟೀನಿಯಂ ಎಂಬ ಬೇರೆಯೇ ಹುಲ್ಲು. ಇಲ್ಲದಿದ್ದರೆ ತೆನೆಯಿಂದ ಒಂದು ಕಿರುತೆನೆ ಕಿತ್ತು, ಸೂಜಿಯಿಂದ ಹೊಟ್ಟು ಬಿಡಿಸಿ. ಒಳಗೆ ಒಂದೇ ಹೂವಿದ್ದರೆ ಗರಿಕೆ, ಹಲವು ಇದ್ದರೆ ಕಾಡು ರಾಗಿ. ಬೆಳೆಸುವ ರಾಗಿ ಬಡಿಯುವವರೆಗೂ ಕಾಳು ಬಿಡುವುದಿಲ್ಲ. ಕಾಡು ರಾಗಿಯ ಕಾಳು ಮಾಗಿದಂತೆ ತಾನೇ ಉದುರುತ್ತದೆ, ತೆನೆಯ ಬೆರಳೂ ಸಣಕಲು.

ಇಷ್ಟು ಬರೆದಿಟ್ಟುಕೊಂಡ ಮೇಲೆ ಪುಸ್ತಕ ತೆಗೆಯಿರಿ. ಎನ್. ಎಲ್. ಬೋರ್ 1960ರಲ್ಲಿ ಹೊರತಂದ, ಭಾರತ ಮತ್ತು ನೆರೆ ದೇಶಗಳ ಹುಲ್ಲುಗಳ ಕುರಿತ ಗ್ರಂಥ ದೊಡ್ಡ ಲೈಬ್ರರಿಗಳಲ್ಲಿ ಸಿಗಬಹುದು. ಇಂಥ ಪುಸ್ತಕಗಳಲ್ಲಿ ಎರಡೆರಡು ಆಯ್ಕೆಗಳ ಪಟ್ಟಿ ಇರುತ್ತದೆ: ಪೊರೆ ಇದೆಯೇ, ಇಲ್ಲವೇ? ಒಂದನ್ನು ಆರಿಸಿದರೆ ಮುಂದಿನ ಸಂಖ್ಯೆಗೆ ಕಳಿಸುತ್ತದೆ. ಎರಡೂ ಸಾಲನ್ನು ಪೂರ್ತಿ ಓದದೆ ಸುಮ್ನೆ ಮೊದಲನೆಯದಕ್ಕೇ ಹೂಂ ಅನ್ನಬೇಡಿ. ಅನುಮಾನ ಬಂದ ಸಂಖ್ಯೆಗೆ ಗುರುತು ಹಾಕಿಕೊಳ್ಳಿ. ಕೊನೆಗೆ ಸಿಕ್ಕ ವಿವರಣೆ ಗಿಡಕ್ಕೆ ಹೊಂದದಿದ್ದರೆ ಅಲ್ಲಿಗೇ ಮರಳಿ, ಇನ್ನೊಂದು ದಾರಿ ಹಿಡಿಯಿರಿ.

ವೈಜ್ಞಾನಿಕ ಹೆಸರು ಸಿಕ್ಕ ಮೇಲೆ ಅದು ಈಗಲೂ ಚಾಲ್ತಿಯಲ್ಲಿದೆಯೇ ನೋಡಿ. ನಮ್ಮ ಕೊರಲೆ ಹಳೇ ಪುಸ್ತಕಗಳಲ್ಲಿ ಬ್ರಾಕಿಯೇರಿಯಾ, ಈಗ ಯುರೋಕ್ಲೋವಾ.